ಮೇಲೆ ಕೂರಿಸಿದ್ದಾರೆಂಬ ದೂರು

ತಮ್ಮ ತೀರಿಕೊಂಡ ಸುದ್ದಿ ದೊಡ್ಡ ಕ್ಯಾಪ್ಟನ್ನಿಗೆ ಮುಟ್ಟಿದ್ದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ. ಫೋನ್ ಮಾಡಿದವನು ವಿಮಾನ ಕಂಪನಿಯ ಡ್ಯೂಟಿ ಆಫೀಸರು. ಎಳೆಯ ದನಿ, ಯಾವುದನ್ನೋ ನೋಡಿಕೊಂಡು ಓದುವ ಹಾಗಿತ್ತು.

"ಸರ್, ಒಂದು ದುಃಖದ ವಿಷಯ. ನಿಮ್ಮ ಸಹೋದರ, ನಮ್ಮ ಫಸ್ಟ್ ಆಫೀಸರ್, ಸ್ಟ್ಯಾಂಡ್‌ಬೈ ಕೋಣೆಯಲ್ಲಿ ಕೂತಿದ್ದವರು ಹಾಗೇ..."

"ಕ್ಯಾಪ್ಟನ್," ಎಂದರು ದೊಡ್ಡ ಕ್ಯಾಪ್ಟನ್.

"ಸರ್?"

"ಅವನು ಫಸ್ಟ್ ಆಫೀಸರ್ ಅಲ್ಲಪ್ಪ. ಕ್ಯಾಪ್ಟನ್."

ಆ ಕಡೆಯಿಂದ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. "ರೆಕಾರ್ಡಲ್ಲಿ ಫಸ್ಟ್ ಆಫೀಸರ್ ಅಂತಾನೇ ಇದೆ ಸರ್."

ಒಡಹುಟ್ಟಿದವನು ಹೋದನೆಂದು ಕೇಳಿದವರ ಬಾಯಲ್ಲಿ ಮೊದಲು ದೇವರ ಹೆಸರು ಬರಬೇಕು. ಬೆಳಿಗ್ಗೆ ಸಂಜೆ ಪ್ರಾರ್ಥನೆ ತಪ್ಪಿಸದ ತನ್ನ ಬಾಯಲ್ಲಿ ಒಂದು ತಿದ್ದುಪಡಿ ಬಂತಲ್ಲ ಎಂದು ಅವರಿಗೆ ಆಮೇಲೆ ನಾಚಿಕೆಯಾಯಿತು. ಆ ಹೊತ್ತಿಗೆ ಮಾತ್ರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿದ್ದದ್ದೂ ತಿಳಿಯಲಿಲ್ಲ. ಎದ್ದು, ಕೈ ತೊಳೆಯದೆ, ಎರಡು ಬೀದಿ ಆಚೆಗಿದ್ದ ತಮ್ಮನ ಮನೆಗೆ ನಡೆದರು. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳಿಗೂ ಫೋನ್ ಬಂದಾಗಿತ್ತು.

"ಭಾವ, ಕುರ್ಚಿಯಲ್ಲಿ ಕೂತೇ ಹೋದರಂತೆ," ಎಂದಳು. "ಬೂಟು ಕೂಡ ಬಿಚ್ಚಿರಲಿಲ್ಲವಂತೆ. ಯಾರಾದರೂ ಹುಷಾರು ತಪ್ಪಿ ಬರದೇ ಇದ್ದರೆ ಅವರ ಬದಲು ಹೋಗೋಕೆ ಕಾಯ್ತಾ ಕೂತಿದ್ದರಂತೆ. ಆ ವಯಸ್ಸಲ್ಲಿ, ಭಾವ."

ಸ್ಟ್ಯಾಂಡ್‌ಬೈ ಎಂದರೆ ಅದೇ. ಯೂನಿಫಾರ್ಮ್ ತೊಟ್ಟು, ಸೂಟ್‌ಕೇಸ್ ಪಕ್ಕಕ್ಕಿಟ್ಟುಕೊಂಡು, ಕಿಟಕಿಯಿಲ್ಲದ ಕೋಣೆಯಲ್ಲಿ ಕರೆ ಬರುವುದನ್ನು ಕಾಯುವುದು. ಹೊಸದಾಗಿ ಸೇರಿದ ಮಕ್ಕಳ ಪಾಲಿನ ಕೆಲಸ. ಎಷ್ಟೋ ವರ್ಷ ಕ್ಯಾಪ್ಟನ್ನಿನ ನಾಲ್ಕು ಪಟ್ಟೆ ಹೊತ್ತು ಎಡಗಡೆಯ ಸೀಟಿನಲ್ಲಿ ಕೂತು ವಿಮಾನ ಹಾರಿಸಿದವನು ಸಹಪೈಲಟ್ಟಿನ ಮೂರು ಪಟ್ಟೆಯ ಅಂಗಿ ತೊಟ್ಟು ಅಲ್ಲಿ ಏಕೆ ಕಾಯುತ್ತಿದ್ದ ಎಂಬುದೇ ಈ ಕತೆ.

ಅಣ್ಣತಮ್ಮ ಇಬ್ಬರೂ ಒಂದೇ ಸಣ್ಣ ವಿಮಾನ ಕಂಪನಿಯಲ್ಲಿ ಪೈಲಟ್ಟುಗಳಾಗಿದ್ದರು. ಅಲ್ಲಿ ಅಣ್ಣನಿಗೆ ದೊಡ್ಡ ಕ್ಯಾಪ್ಟನ್, ತಮ್ಮನಿಗೆ ಚಿಕ್ಕ ಕ್ಯಾಪ್ಟನ್ ಎಂದೇ ಹೆಸರು. ಒಬ್ಬರ ಮಗುವಿಗೆ ಜ್ವರ ಬಂದರೆ ಎಲ್ಲರಿಗೂ ಗೊತ್ತಾಗುವಷ್ಟು ಸಣ್ಣ ಕಂಪನಿ ಅದು. ಪೈಲಟ್ಟಿನ ಜೀವನವೆಲ್ಲ ನಿಂತಿರುವುದು ಹಿರಿತನದ ಪಟ್ಟಿಯ ಮೇಲೆ. ಮೊದಲು ಸೇರಿದವನು ಮೇಲೆ, ಆಮೇಲೆ ಸೇರಿದವನು ಕೆಳಗೆ. ಯಾವ ಊರಲ್ಲಿ ವಾಸ, ಯಾವ ದಿನ ರಜೆ, ಎಡದ ಸೀಟೋ ಬಲದ ಸೀಟೋ, ಎಲ್ಲ ಆ ನಂಬರಿನಿಂದಲೇ. ಮೇಲಿನವನು ನಿವೃತ್ತನಾದರೆ ಅಥವಾ ಕಾಲವಾದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಏರುತ್ತಾರೆ.

ಹೀಗೆ ಇನ್ನೊಬ್ಬನ ಹೋಗುವಿಕೆಯಿಂದ ತಾನು ಏರುವುದು ಯಾರಿಗಾದರೂ ಮುಜುಗರದ ವಿಷಯವೇ. ಅದಕ್ಕೆ ಸಣ್ಣ ಕಂಪನಿಯವರು ಒಂದು ಪದ್ಧತಿ ಮಾಡಿಕೊಂಡಿದ್ದರು. ನಿವೃತ್ತನಾದವನ ಮನೆಗೆ, ಅವನ ಕೆಳಗಿದ್ದವನು ಹೋಗಿ ನಂಬರು ಕೇಳಬೇಕು. ತೀರಿಕೊಂಡಿದ್ದರೆ ಮನೆಯವರನ್ನು ಕೇಳಬೇಕು. ಅವರು "ತಗೋ, ಚೆನ್ನಾಗಿ ಹಾರು" ಎನ್ನಬೇಕು. ದೊಡ್ಡ ಕ್ಯಾಪ್ಟನ್ ನಿವೃತ್ತರಾದಾಗ ಅವರ ಕೆಳಗಿದ್ದವನು ತಮ್ಮನೇ. ಅವನು ಬಂದು ಕೈಕಟ್ಟಿ ನಿಂತು ಕೇಳಿದ್ದಕ್ಕೆ ಅಣ್ಣ ಅವನ ತಲೆಗೊಂದು ಮೊಟಕಿ, "ಚಿಕ್ಕಂದಿನಿಂದ ನನ್ನ ಅಂಗಿ ಕೇಳದೆ ಹಾಕ್ಕೊಂಡೋನು, ಇವತ್ತು ನಂಬರ್ ಕೇಳೋಕೆ ಬಂದ" ಎಂದಿದ್ದರು.

ಅದಕ್ಕೆ ಸ್ವಲ್ಪ ಮೊದಲೇ ಕಂಪನಿಗೆ ಗ್ರಹಚಾರ ಹಿಡಿದಿತ್ತು. ಸಾಲ ಕೊಟ್ಟವರು ಬಾಗಿಲು ತಟ್ಟತೊಡಗಿದರು. ಖರ್ಚು ಕಡಿಮೆ ಮಾಡಬೇಕು, ಪಟ್ಟಿಯ ತಳದಲ್ಲಿರುವ ಹುಡುಗರನ್ನು ಮನೆಗೆ ಕಳಿಸಿ ಎಂದು ಮೇಲಿನವರ ಅಪ್ಪಣೆಯಾಯಿತು. ತಳದಲ್ಲೇ ತಳವಾಗಿದ್ದವನು ಒಬ್ಬ ಯುವಕ. ಎಲ್ಲರಿಗಿಂತ ಕೊನೆಗೆ ಸೇರಿದ್ದರಿಂದ ಅವನನ್ನು ಎಲ್ಲರೂ 'ಮೊಳಕೆ' ಎನ್ನುತ್ತಿದ್ದರು. ಹೆಂಡತಿ ಬಸುರಿ. ಅವನಂಥವರು ಇನ್ನೂ ಹಲವರಿದ್ದರು. ಆಗ ದೊಡ್ಡ ಕ್ಯಾಪ್ಟನ್ನೇ ಪೈಲಟ್ ಸಂಘದ ಕಾರ್ಯದರ್ಶಿ. ಸಭೆ ಸೇರಿಸಿ ಏನು ಮಾಡೋಣ ಎಂದು ಕೇಳಿದಾಗ ತಮ್ಮ ಎದ್ದು ನಿಂತ.

"ಹುಡುಗರು ಈಗ ಹೊರಗೆ ಹೋದರೆ ಮತ್ತೆ ವಿಮಾನ ಮುಟ್ಟೋದಿಲ್ಲ. ಹಾರಾಟ ಕಲಿಯೋಕೆ ಮಾಡಿದ ಸಾಲ ಅವರನ್ನ ನುಂಗಿಬಿಡುತ್ತೆ. ಮನೆ ಮಠ ನೆಲೆಯಾದ ನಮ್ಮಂಥೋರು ಸಂಬಳ ಇಲ್ಲದೆ ಸ್ವಲ್ಪ ಕಾಲ ಮನೇಲಿ ಕೂರೋಣ. ನಾನು ಮೊದಲು ಹೋಗ್ತೀನಿ."

ಅವನ ಹಿಂದೆ ಇನ್ನೂ ಕೆಲವರು ಕೈ ಎತ್ತಿದರು. ಅದರಲ್ಲೊಬ್ಬ, ತಮ್ಮನ ನಂತರದ ನಂಬರಿನವನು, ಯಾವ ಮಾತು ತೆಗೆದರೂ ಮೋಡ ಗಾಳಿಯ ಬಗ್ಗೆಯೇ ಮಾತಾಡುವವನು. ಅವನ ಅಡ್ಡಹೆಸರು 'ಹವಾಮಾನ'. "ನಾನೂ ಬರ್ತೀನಿ, ನನ್ನ ಹೆಂಡತಿಗೆ ಮನೇಲಿ ಬಿರುಗಾಳಿ ಕಮ್ಮಿಯಾಗಿದೆ ಅಂತ ಬೇಜಾರು" ಎಂದು ಅವನೂ ಎದ್ದಿದ್ದ.

ತಮ್ಮ ಆ ಕಾಲವನ್ನು ಕಾರು ಕಲಿಸುವ ಶಾಲೆಯಲ್ಲಿ ಕಳೆದ. ಕಲಿಯಲು ಬಂದವರು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ ಗೋಡೆಗೆ ಗುದ್ದಿಸಿದರೆ ಅಣ್ಣನಿಗೆ ಬಂದು ಹೇಳಿ ನಗುವನು: "ಆಕಾಶದಲ್ಲಿ ಗೋಡೆ ಇಲ್ಲದ್ದು ದೇವರ ದೊಡ್ಡ ದಯೆ ಕಣಣ್ಣ." ಒಮ್ಮೆಯೂ ತಾನು ತ್ಯಾಗ ಮಾಡಿದೆನೆಂದು ಹೇಳಿಕೊಂಡವನಲ್ಲ. ಕಂಪನಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಮರಳಿ ಸೇರಿದ. ಎಡದ ಸೀಟು ಅವನಿಗಾಗಿ ಕಾದಿತ್ತು.

ಆಮೇಲೆ ಬಂತು ವಿಲೀನ. ದೊಡ್ಡ ಕಂಪನಿಯೊಂದು ಸಣ್ಣ ಕಂಪನಿಯನ್ನು ನುಂಗಿತು. ಎರಡು ಪಟ್ಟಿ ಒಂದಾಗಬೇಕು. ಎರಡು ಸಂಘಗಳೂ ಒಂದಾದವು, ಅಂದರೆ ಕೆರೆಗೆ ತಂಬಿಗೆ ನೀರು ಸುರಿದ ಹಾಗೆ. ಮತಕ್ಕೆ ಹಾಕಿದಾಗಲೆಲ್ಲ ದೊಡ್ಡ ಕಂಪನಿಯವರ ಕೈಗಳೇ ಕೈಗಳು. ಅವರ ವಕೀಲರು ಒಂದು ಮಾತು ಹುಡುಕಿದರು: ಹಿರಿತನಕ್ಕೆ 'ಮುರಿಯದ ಸೇವೆ' ಮಾತ್ರ ಲೆಕ್ಕ. ಸಂಬಳವಿಲ್ಲದೆ ಮನೆಯಲ್ಲಿ ಕೂತವರ ಸೇವೆ ಮುರಿಯಿತು. ಅವರು ಮರಳಿ ಬಂದ ದಿನವೇ ಅವರು ಸೇರಿದ ದಿನ.

ಹೀಗೆ ಯಾರಿಗಾಗಿ ಸೀಟು ಬಿಟ್ಟು ಎದ್ದರೋ ಅವರೇ ಮೇಲಾದರು, ಎದ್ದವರು ಕೆಳಗಾದರು. ಕೈ ಕೆಸರಾದದ್ದು ಇವರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಮೊಳಕೆ ಕ್ಯಾಪ್ಟನ್ ಆದ. ಚಿಕ್ಕ ಕ್ಯಾಪ್ಟನ್ ಒಂದು ಪಟ್ಟೆ ಕಿತ್ತು ಕೊಟ್ಟು ಬಲಗಡೆಗೆ ಸರಿದ. ಇಬ್ಬರನ್ನೂ ಒಂದೇ ವಿಮಾನಕ್ಕೆ ಹಾಕಿದ್ದೂ ಉಂಟು. ಆ ದಿನ ಮೊಳಕೆ ತಲೆ ಎತ್ತದೆ ಕೂತಿದ್ದನಂತೆ. "ಕ್ಯಾಪ್ಟನ್, ಚಕ್ರ ಮೇಲೆತ್ತಲಾ?" ಎಂದು ತಮ್ಮನೇ ಕೇಳಬೇಕಾಯಿತಂತೆ.

ತಮ್ಮ ಜಗಳಗಂಟನಲ್ಲ. ಆದರೂ ತನ್ನಂಥವರೆಲ್ಲರ ಪರವಾಗಿ ತನ್ನ ಹೆಸರಿನಲ್ಲಿ ಒಂದು ದೂರು ಕೊಟ್ಟಿದ್ದ. ಸಂಬಳವಿಲ್ಲದ ರಜೆಯ ಕಾಲವನ್ನೂ ಸೇವೆಯೆಂದು ಎಣಿಸಬೇಕು ಎಂಬುದಷ್ಟೇ ಅದರಲ್ಲಿದ್ದ ಮಾತು. ತೀರ್ಪು ಕೊಡುವ ಹೊರಗಿನ ಪಂಚರ ಮುಂದೆ ಸಂಘವೇ ಅದನ್ನು ವಾದಿಸಬೇಕಿತ್ತು. ಸಂಘ ಇವತ್ತು ನಾಳೆ ಎನ್ನುತ್ತ ಕಾಲ ತಳ್ಳಿತು. ಅಷ್ಟರಲ್ಲಿ ಕಾಯುವ ಕೋಣೆಯಲ್ಲಿ ಅವನ ಎದೆಬಡಿತ ನಿಂತಿತು.

ಹೆಣ ಮನೆಗೆ ಬರುವ ಮೊದಲೇ ಕಂಪನಿಯ ಕಂಪ್ಯೂಟರು ಪಟ್ಟಿಯಿಂದ ಅವನ ಹೆಸರು ತೆಗೆದು ಕೆಳಗಿನವರನ್ನೆಲ್ಲ ಒಂದೊಂದು ಮೆಟ್ಟಿಲು ಏರಿಸಿತ್ತು. ಅವನನ್ನು ಕಂಡೇ ಇರದ ಯಾವನೋ ಹುಡುಗ ಪೈಲಟ್ಟುಗಳ ಫೋನ್ ಗುಂಪಿನಲ್ಲಿ 'ಒಂದು ಸ್ಥಾನ ಮೇಲೆ' ಎಂದು ಬರೆದು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದ. ಅದನ್ನು ಯಾರೋ ತೋರಿಸಿದಾಗ ದೊಡ್ಡ ಕ್ಯಾಪ್ಟನ್ನಿಗೆ ಕಣ್ಣು ಕತ್ತಲಿಟ್ಟಿತು.

ಮಣ್ಣು ಮಾಡಿ ಬಂದ ಮರುದಿನ ಸಂಘದ ಅಧ್ಯಕ್ಷರು ದೊಡ್ಡ ಹೂಗುಚ್ಛ ಹಿಡಿದುಕೊಂಡು ಬಂದರು. ದೊಡ್ಡ ಕಂಪನಿಯವರು, ಇಸ್ತ್ರಿ ಮುರಿಯದ ಮನುಷ್ಯ.

"ನಮಗೆಲ್ಲ ತುಂಬಲಾರದ ನಷ್ಟ," ಎಂದರು. "ಇನ್ನು ಆ ದೂರಿನ ವಿಷಯ. ಅರ್ಜಿದಾರರೇ ಇಲ್ಲ ಅಂದ ಮೇಲೆ ಅದು ತಾನಾಗೇ ಮುಗಿದ ಹಾಗೆ. ನಿಮಗೂ ಓಡಾಟ ತಪ್ಪುತ್ತೆ."

"ಉಳಿದೋರ ಗತಿ?" ಎಂದರು ದೊಡ್ಡ ಕ್ಯಾಪ್ಟನ್. "ಅವನ ಹೆಸರನ್ನ ನಂಬಿಕೊಂಡು ಅವರ‍್ಯಾರೂ ಬೇರೆ ದೂರು ಕೊಡಲಿಲ್ಲ. ಒಬ್ಬರದು ಸಾಕು ಅಂತ ಹೇಳಿದೋರೇ ನೀವು."

"ಆಗ ಹೇಳಿದ್ದು ನಿಜ. ಈಗ ಹೊಸ ದೂರು ಕೊಡೋ ಅವಧಿ ಮುಗಿದಿದೆ. ನಿಯಮ ನಮ್ಮ ಕೈಯಲ್ಲಿಲ್ಲ, ನೋಡಿ. ಅವರ ಆತ್ಮಕ್ಕೂ ಶಾಂತಿ ಸಿಗಲಿ, ಎಲ್ಲ ಇಲ್ಲಿಗೇ ಬಿಡೋಣ."

ಮೂಲೆಯಲ್ಲಿ ಕೂತಿದ್ದ ತಮ್ಮನ ಹೆಂಡತಿ ತಲೆ ಎತ್ತಿದಳು. "ಭಾವ, ಅವರಿಗೆ ಸ್ವಲ್ಪ ನೀರು ಕೊಡಿ," ಎಂದಳು. "ಇಷ್ಟೊಂದು ಹೇಳಬೇಕಾದರೆ ಗಂಟಲು ಒಣಗಿರುತ್ತೆ. ಕುಡಿದು ಹೊರಡಲಿ. ಹೂವನ್ನೂ ತಗೊಂಡು ಹೋಗಲಿ, ಇನ್ನೊಬ್ಬರ ಮನೆಗೆ ಬೇಕಾಗುತ್ತೆ."

ಅಧ್ಯಕ್ಷರು ನೀರು ಕುಡಿಯಲಿಲ್ಲ. ಮನೆಯವರು ಒಪ್ಪದಿದ್ದರೆ ದೂರನ್ನು ಬಿಡುವುದೋ ಮುಂದುವರಿಸುವುದೋ ಎಂಬುದನ್ನು ಸಂಘದ ಸಭೆ ಮತ ಹಾಕಿ ತೀರ್ಮಾನಿಸುತ್ತದೆ ಎಂದು ಹೇಳಿ ಹೋದರು. ಮತದ ಫಲ ಏನೆಂದು ಹೇಳಲು ಜೋಯಿಸರು ಬೇಕಿರಲಿಲ್ಲ.

ಸಭೆಗೆ ಮೊದಲು ಹವಾಮಾನ ಬಂದ. ಬೀದಿಯಲ್ಲಿ ಕಾರು ನಿಲ್ಲಿಸಿ ಒಬ್ಬನೇ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಮೊದಲ ಬಾರಿಗೆ ಮೋಡದ ಮಾತನ್ನೇ ಎತ್ತಲಿಲ್ಲ. ಆಮೇಲೆ ಎದ್ದು ಕೈಕಟ್ಟಿ ನಿಂತ.

"ಅಣ್ಣಾ, ಅತ್ತಿಗೆ, ಹಳೇ ಪದ್ಧತಿ ಬಿಡೋಕೆ ಮನಸ್ಸು ಬರಲಿಲ್ಲ. ಅವನ ನಂಬರ್ ಕೇಳೋಕೆ ಬಂದಿದ್ದೀನಿ."

ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡ ಕ್ಯಾಪ್ಟನ್ ಅವನ ಭುಜದ ಮೇಲೆ ಕೈಯಿಟ್ಟರು. ತಗೋ ಎನ್ನಲು ಬಾಯಿ ತೆರೆದವರು ಹಾಗೇ ತಡೆದುಕೊಂಡರು.

"ಯಾವ ನಂಬರ್ ಕೇಳ್ತಿದ್ದೀಯಪ್ಪ?"

"ಅಂದ್ರೆ?"

"ಈಗಿನ ಪಟ್ಟಿಯ ನಂಬರ್ ಕೇಳಿದರೆ ಅದು ಅವನದಲ್ಲ. ಅದು ಅವನ ಮೈಮೇಲೆ ಯಾರೋ ಎಸೆದದ್ದು. ಅದನ್ನ ನಾನು ತಗೋ ಅಂತ ಕೊಟ್ಟರೆ, ಹೌದು ಇದೇ ನನ್ನ ತಮ್ಮನದು ಅಂತ ಒಪ್ಪಿಕೊಂಡ ಹಾಗೆ. ನಿಜವಾಗಿ ಅವನದಾಗಿದ್ದನ್ನ ಕೊಡೋಣ ಅಂದರೆ ಅದು ನನ್ನ ಹತ್ತಿರ ಇಲ್ಲ. ಅವರು ಕಿತ್ತುಕೊಂಡಿದ್ದಾರೆ." ಖಾಲಿ ಅಂಗೈ ಚಾಚಿ ತೋರಿಸಿದರು. "ಬರಿಗೈಲಿ ಕಳಿಸ್ತಿದ್ದೀನಿ, ಬೇಜಾರು ಮಾಡ್ಕೋಬೇಡ. ಈ ಮನೇಲಿ ಕೊಡೋಕೆ ನಂಬರಿಲ್ಲ."

ಹವಾಮಾನ ತಲೆಯಾಡಿಸಿದ. ಅವನಿಗೂ ಅದು ಆಗಲೇ ಹೊಳೆದದ್ದು. ಕಿಟಕಿಯಿಂದ ದೊಡ್ಡ ಕ್ಯಾಪ್ಟನ್ ಹೊರಗೆ ನೋಡಿದರು. ಕಾರಿನಲ್ಲಿ ಇನ್ನೊಬ್ಬ ಕೂತಿದ್ದ.

"ಯಾರದು? ಮೊಳಕೆ ತಾನೇ?"

"ಹೂಂ. ಬರ್ತೀನಿ ಅಂದ. ಬೀದಿ ತನಕ ಬಂದು, ಕಾರಿಳಿಯೋಕೆ ಕಾಲೇಳಲಿಲ್ಲ ಅವನಿಗೆ."

"ಮೊಳಕೆ ಅನ್ನಬಾರದು ಈಗ. ಹೆಮ್ಮರ ಆಗಿದ್ದಾನಲ್ಲ, ನಾಲ್ಕು ಪಟ್ಟೆ. ಅಲ್ಲೇ ನೆರಳಲ್ಲಿ ಕೂತಿರಲಿ," ಎಂದು ಕಿಟಕಿಯ ಪರದೆ ಎಳೆದರು.

ಸಭೆ ನಡೆದದ್ದು ಸಂಘದ ಕಚೇರಿಯ ಉದ್ದನೆಯ ಹಜಾರದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಕೀರಲುವ ಮೈಕು, ಗೋಡೆಯ ಮೇಲೆ ದೊಡ್ಡ ಕಂಪನಿಯ ಹಳೆಯ ವಿಮಾನಗಳ ಚಿತ್ರ. ಸಣ್ಣ ಕಂಪನಿಯ ಒಂದು ಚಿತ್ರವೂ ಇಲ್ಲ. ನಿವೃತ್ತರಿಗೆ ಮಾತಾಡುವ ಹಕ್ಕುಂಟು, ಮತದ ಹಕ್ಕಿಲ್ಲ. ಅಧ್ಯಕ್ಷರು ಮೈಕಿನ ಮುಂದೆ ಬಂದು, "ನಮ್ಮನ್ನಗಲಿದ ಫಸ್ಟ್ ಆಫೀಸರ್ ಅವರ ಗೌರವಾರ್ಥ ಒಂದು ನಿಮಿಷ ಮೌನ" ಎಂದರು.

ಹಜಾರವೆಲ್ಲ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ದೊಡ್ಡ ಕ್ಯಾಪ್ಟನ್ ಒಬ್ಬರೇ ಕೂತಿದ್ದರು. ಹಿಂದಿನಿಂದ ಯಾರೋ ಭುಜ ಮುಟ್ಟಿ, "ಯಜಮಾನರೇ, ಎದ್ದು ನಿಲ್ಲಿ" ಎಂದು ಪಿಸುಗುಟ್ಟಿದರು.

"ಫಸ್ಟ್ ಆಫೀಸರ್ ಅನ್ನೋರು ನಮ್ಮನೇಲಿ ಯಾರೂ ಸತ್ತಿಲ್ಲ," ಎಂದರು ಅವರು, ಎಲ್ಲರಿಗೂ ಕೇಳುವ ಹಾಗೆ.

ಮೌನ ಮುಗಿದ ಮೇಲೆ ಅವರೇ ಮೈಕಿನ ಮುಂದೆ ಹೋದರು. ಬರೆದುಕೊಂಡು ಬಂದಿರಲಿಲ್ಲ.

"ನಿಮ್ಮಲ್ಲಿ ಬಹಳ ಜನಕ್ಕೆ ನನ್ನ ತಮ್ಮನ ಮುಖ ಗೊತ್ತಿಲ್ಲ. ಅದು ನಿಮ್ಮ ತಪ್ಪಲ್ಲ. ಅವನು ನಿಮ್ಮ ಸಂಘಕ್ಕೆ ಚಂದಾ ಕೊಟ್ಟ, ನಿಮ್ಮನ್ನ ನಂಬಿದ. ನನ್ನ ಪರವಾಗಿ ಸಂಘ ಮಾತಾಡುತ್ತೆ ಅಣ್ಣ, ನೀನು ಸುಮ್ಮನಿರು ಅಂದ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಸಂಘ ಅಂದರೆ ಏನು ಸ್ವಾಮಿ? ಕಂಪನಿ ಕೆಳಗಿನೋನನ್ನ ತುಳಿಯೋಕೆ ಬಂದಾಗ ಮೇಲಿನೋನು ಅಡ್ಡ ನಿಲ್ಲೋದು. ಅವನು ನಿಂತ. ಹಾಗೆ ನಿಂತಿದ್ದಕ್ಕೆ ಸೇವೆ ಮುರೀತು ಅಂತ ಬರೆದಿರಿ. ಕಂಪನಿ ಬರೆದಿದ್ದರೆ ಅದು ವ್ಯಾಪಾರ ಅಂತ ಬಿಡ್ತಿದ್ದೆ. ಬರೆದೋರು ಪೈಲಟ್ಟುಗಳು. ನಾಳೆ ನಿಮ್ಮ ಕಂಪನಿಗೂ ಇಂಥ ದಿನ ಬರುತ್ತೆ. ಆವತ್ತು ನಿಮ್ಮ ಮಕ್ಕಳಿಗಾಗಿ ಯಾವ ಹಿರಿಯ ಎದ್ದು ನಿಲ್ತಾನೆ, ಹೇಳಿ. ಎದ್ದೋನ ಕುರ್ಚಿ ಎಳೀತಾರೆ ಅಂತ ನೀವೇ ಕಲಿಸಿಕೊಟ್ಟಿದ್ದೀರಲ್ಲ. ಒಂದು ನಿಮಿಷ ಮೌನ ಅಂದಿರಿ. ನಿಮಗೆ ಬೇಕಾಗಿರೋದು ಒಂದು ನಿಮಿಷದ್ದಲ್ಲ, ಶಾಶ್ವತದ್ದು."

ಕೆಲವರು ನೆಲ ನೋಡಿದರು. ಹಿಂದಿನ ಸಾಲಿನಿಂದ ಒಬ್ಬ, "ಎಮೋಷನ್ ಎಲ್ಲ ಸರಿ, ನಮ್ಮ ಸೀಟು ಹೋದರೆ ನಮ್ಮ ಮನೆ ಯಾರು ನೋಡ್ತಾರೆ?" ಎಂದ. ಅದಕ್ಕೊಂದಿಷ್ಟು ಚಪ್ಪಾಳೆಯೂ ಬಿತ್ತು.

ಮತಕ್ಕೆ ಹಾಕಿದರು. ದೂರನ್ನು ಮುಂದುವರಿಸಬೇಕೆಂದವರ ಕೈಗಳು ಅಲ್ಲೊಂದು ಇಲ್ಲೊಂದು. ಬೇಡವೆಂದವರ ಕೈಗಳು ಕಾಡಿನಂತೆ ಎದ್ದವು. ಎಣಿಸುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹಾಳೆ ತಿರುವುವಷ್ಟರಲ್ಲಿ ನಡುಸಾಲಿನಿಂದ ಒಬ್ಬ ಎದ್ದ. ಮೊಳಕೆ. ಮುಖ ಬೆವರಿತ್ತು.

"ನನ್ನದೊಂದು ದೂರು ಬರೆದುಕೊಳ್ಳಿ. ನನ್ನ ಸ್ಥಾನ ತಪ್ಪಾಗಿದೆ."

"ದೂರು ಕೊಡೋ ಅವಧಿ ಮುಗಿದಿದೆ ಅಲ್ಲವೇನ್ರೀ," ಎಂದರು ಅಧ್ಯಕ್ಷರು.

"ಅವಧಿ ಇರೋದು ಕೆಳಗೆ ಹಾಕಿದ್ದಾರೆ ಅನ್ನೋರಿಗೆ. ನನ್ನನ್ನ ಮೇಲೆ ಹಾಕಿದ್ದಾರೆ. ನಾನು ಚಿಕ್ಕ ಕ್ಯಾಪ್ಟನ್ನಿನ, ಅವರ ಜೊತೆ ರಜೆಗೆ ಹೋದ ಎಲ್ಲರ ಕೆಳಗಿರಬೇಕು. ನನ್ನನ್ನ ಕೆಳಗಿಳಿಸಿ."

ಹಜಾರದಲ್ಲಿ ನಗು ಎದ್ದಿತು. "ತ್ಯಾಗರಾಜರು ಬಂದರಪ್ಪ" ಎಂದ ಒಬ್ಬ. "ತಲೆಗೇರಿದೆ, ಇಳಿಸಿ ಇಳಿಸಿ" ಎಂದ ಇನ್ನೊಬ್ಬ. ಅಧ್ಯಕ್ಷರೂ ನಗುತ್ತ ಪಕ್ಕದಲ್ಲಿದ್ದ ಸಂಘದ ವಕೀಲರ ಕಡೆ ತಿರುಗಿದರು. ವಕೀಲರು ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕ ತೆರೆದರು. ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಅವರು ನಗಲಿಲ್ಲ.

"ಸಲ್ಲಬೇಕಾದ್ದಕ್ಕಿಂತ ಕೆಳಗೆ ಹಾಕಿದ್ದಾರೆ ಅನ್ನೋರಿಗೆ ಮಾತ್ರ ಅವಧಿ ಹಾಕಿದೆ," ಎಂದರು ನಿಧಾನವಾಗಿ. "ಮೇಲೆ ಹಾಕಿದ್ದಾರೆ ಅಂತ ದೂರೋನು ಒಬ್ಬ ಹುಟ್ಟುತ್ತಾನೆ ಅಂತ ಬರೆದೋರಿಗೆ ಹೊಳೆದಿಲ್ಲ. ತಗೋಬೇಕಾಗುತ್ತೆ. ಪಂಚರ ಮುಂದೆ ಇಡಲೇಬೇಕು."

"ಇಟ್ಟರೆ?"

"ಇವರ ಮೇಲೆ ಯಾರಿರಬೇಕು ಅಂತ ತೀರ್ಮಾನ ಆಗಬೇಕು. ಅಂದರೆ ಆ ರಜೆ ಸೇವೆ ಹೌದೋ ಅಲ್ಲವೋ ಅನ್ನೋ ಪ್ರಶ್ನೆಯೇ ಬರುತ್ತೆ, ಮತ್ತೆ."

ನಗು ಒಂದೊಂದು ಕುರ್ಚಿಯಿಂದಲೂ ಇಳಿದುಹೋಯಿತು. ಅಧ್ಯಕ್ಷರ ಕೈಯಲ್ಲಿದ್ದ ಹಾಳೆ ತಿರುವಿದಲ್ಲೇ ನಿಂತಿತು. ಹವಾಮಾನ ಎದ್ದು ಮೂಗೊರೆಸಿಕೊಂಡು, "ಮೋಡ ಇದೆ, ಮಳೆ ಬರುತ್ತೆ ಅಂತ ಹೇಳೋಕಾಗಲ್ಲ" ಎಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಹೊರಗೆ ಕಾರುಗಳ ಸಾಲಿನ ನಡುವೆ ಮೊಳಕೆ ದೊಡ್ಡ ಕ್ಯಾಪ್ಟನ್ನಿಗಾಗಿ ಕಾದು ನಿಂತಿದ್ದ. ಕಾಲು ಮುಟ್ಟಲು ಬಗ್ಗಿದವನನ್ನು ಅವರು ತಡೆದರು.

"ಮನೇಲಿ ಹೇಳಿದ್ದೀಯ? ಸಂಬಳ ಇಳಿಯುತ್ತೆ, ಎಡಸೀಟು ಹೋಗುತ್ತೆ."

"ಅವಳೇ ಹೇಳಿದ್ದು ಅಣ್ಣಾ. ಆ ಸೀಟಿನಿಂದ ತಂದ ಅನ್ನ ಮಕ್ಕಳ ಮೈಗೆ ಹತ್ತೋದಿಲ್ಲ ಅಂದಳು."

"ಅವಳಿಗಿರೋ ಬುದ್ಧಿ ನಿನಗೆ ಯಾಕೆ ತಡವಾಗಿ ಬಂತು?" ಅವರ ದನಿ ಏರಲಿಲ್ಲ, ಆದರೆ ಮೊಳಕೆ ಹೊಡೆತ ಬಿದ್ದವನಂತೆ ನಿಂತ. "ಅವನು ಬದುಕಿದ್ದಾಗ ಎಲ್ಲಿದ್ದೆ ನೀನು? ಪಕ್ಕದ ಸೀಟಲ್ಲೇ ಕೂತಿದ್ದನಲ್ಲೋ. ಈ ಮಾತನ್ನ ಆವತ್ತೇ ಎದ್ದು ಆಡಿದ್ದರೆ ಕೇಳಿಸಿಕೊಂಡು ಹೋಗ್ತಿದ್ದ."

"ಧೈರ್ಯ ಇರಲಿಲ್ಲ ಅಣ್ಣಾ. ಅವರೂ ಏನೂ ಕೇಳಲಿಲ್ಲ. ಯಾವಾಗಲೂ ಮಕ್ಕಳು ಹೇಗಿದ್ದಾರೆ ಅಂತ ಕೇಳೋರು."

ದೊಡ್ಡ ಕ್ಯಾಪ್ಟನ್ ಅವನ ಮುಖ ನೋಡಿದರು. ತನಗೆ ಮಗನಾಗುವ ವಯಸ್ಸಿನವನು. "ಇವತ್ತು ನೀನು ಮಾಡಿದ್ದು ದೊಡ್ಡ ಕೆಲಸ," ಎಂದರು. "ತಡ ಮಾಡಿದ್ದು ದೊಡ್ಡ ತಪ್ಪು. ಎರಡೂ ನಿಜ. ಇದರಿಂದ ಅದು ಅಳಿಸಿಹೋಗೋದಿಲ್ಲ, ಅದರಿಂದ ಇದೂ ಸಣ್ಣದಾಗೋದಿಲ್ಲ. ಹೋಗು, ಹುಷಾರಾಗಿ ಮನೆ ಸೇರು."

ಅವನು ಹೋದ ಮೇಲೆ ದೊಡ್ಡ ಕ್ಯಾಪ್ಟನ್ ಕಾರಿನೊಳಗೆ ಕೂತರು. ಕೀಲಿ ತಿರುಗಿಸಲಿಲ್ಲ. ಪಂಚರು ಏನು ಹೇಳುತ್ತಾರೋ, ಎಷ್ಟು ಕಾಲ ಹಿಡಿಯುತ್ತದೋ ಯಾರು ಬಲ್ಲರು. ಬಾಗಿಲು ಮುಚ್ಚಿಬಿಟ್ಟೆವು ಎಂದುಕೊಂಡವರಿಗೆ ಅದು ಮುಚ್ಚಲಿಲ್ಲ, ಅಷ್ಟೇ. ಸುದ್ದಿ ಬಂದ ದಿನದಿಂದ ಅವರು ಕಣ್ಣು ಮುಚ್ಚಿ ಕೂತಾಗಲೆಲ್ಲ ಪ್ರಾರ್ಥನೆಯ ಬದಲು ವಾದವೇ ಬಾಯಿಗೆ ಬರುತ್ತಿತ್ತು. ಈಗ ಕೈ ಮುಗಿದು ಕಣ್ಣು ಮುಚ್ಚಿದರು.

'ತಂದೆಯೇ, ನನ್ನ ಕೋಪವನ್ನು ಕ್ಷಮಿಸು ಎಂದು ಇವತ್ತು ಕೇಳುವುದಿಲ್ಲ. ಅದು ನನಗೆ ಇನ್ನೂ ಸ್ವಲ್ಪ ದಿನ ಬೇಕಾಗಿದೆ. ಅದನ್ನು ನನ್ನ ಹತ್ತಿರವೇ ಬಿಡು. ಅವನ ಜೊತೆಗೆ ಕಳಿಸಬೇಡ. ಅವನು ಯಾರ ಮೇಲೂ ಕೋಪ ಇಟ್ಟುಕೊಂಡವನಲ್ಲ. ಕಾದು ಕಾದು ದಣಿದು ನಿನ್ನ ಹತ್ತಿರ ಬಂದಿದ್ದಾನೆ. ಅವನನ್ನು ಇನ್ನು ಕಾಯಿಸಬೇಡ, ನಿನ್ನ ಪಕ್ಕಕ್ಕೆ ಕರೆದುಕೋ. ಅವನ ಮನೆಯಲ್ಲಿ ಉಳಿದವಳಿಗೆ ಆಸರೆಯಾಗು. ಎಲ್ಲರನ್ನೂ ಸುಖವಾಗಿ ನೆಲಕ್ಕಿಳಿಸಿದ ನನ್ನ ತಮ್ಮನಿಗೆ, ದೇವರೇ, ಶಾಂತಿ ಕೊಡು.'